ಡೇಟಾಬೇಸಿನ ಸಾಲಿಗೆ ಗಿಟ್‌ನ ಫೈಲನ್ನು ಹೇಗೆ ಕಟ್ಟುವುದು?

ಹುಬ್ಬಳ್ಳಿಯಲ್ಲಿ ಒಂದು ಸಂಜೆ ಆಡಿದ ಮಾತಿನ ಬರಹ ರೂಪ ಇದು. ಕೇಳಲು ಬಂದವರಲ್ಲಿ ಸಾಫ್ಟ್‌ವೇರ್ ಕೆಲಸದವರೂ ಇದ್ದರು, ಧಾರವಾಡ, ಗದಗ ಕಡೆಯಿಂದ ಬಂದ ಶಾಸನ ಓದುವ ಮಂದಿಯೂ ಇದ್ದರು. ಇಬ್ಬರಿಗೂ ಇರುವ ತೊಂದರೆ ಒಂದೇ: ಮಾಹಿತಿ ಡೇಟಾಬೇಸಿನಲ್ಲಿ, ಫೈಲು ಬೇರೆ ಕಡೆ, ಎರಡರ ನಡುವಿನ ಕೊಂಡಿ ತಪ್ಪಿಹೋಗುತ್ತದೆ. ಅದಕ್ಕೇ ಉದಾಹರಣೆಗಳನ್ನು ಶಾಸನಗಳಿಂದಲೇ ತೆಗೆದುಕೊಂಡೆ. ನಡುನಡುವೆ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.

ಗದಗ ಜಿಲ್ಲೆಯ ಶಾಸನಗಳ ಪಟ್ಟಿ ಮಾಡುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಲಕ್ಕುಂಡಿ, ಡಂಬಳ, ಸೂಡಿ, ರೋಣ, ಗದಗಿನ ತ್ರಿಕೂಟೇಶ್ವರ ಗುಡಿ, ಹೀಗೆ ಊರೂರಿನ ಕಲ್ಲುಗಳು. ಪ್ರತಿ ಶಾಸನಕ್ಕೂ ಡೇಟಾಬೇಸಿನಲ್ಲಿ ಒಂದು ಸಾಲು. ಯಾವ ಊರು, ಕಲ್ಲು ಎಲ್ಲಿದೆ, ಯಾವ ಅರಸನ ಕಾಲ, ಯಾವ ವರ್ಷ. ಶಾಸನದ ಪಾಠ ಮಾತ್ರ ಡೇಟಾಬೇಸಿನಲ್ಲಿಲ್ಲ. ಅದು ಒಂದೊಂದು ಪಠ್ಯ ಫೈಲಾಗಿ ಗಿಟ್ ರೆಪೊದಲ್ಲಿದೆ (ಗಿಟ್ ಅಂದರೆ ಫೈಲುಗಳ ಪ್ರತಿ ಬದಲಾವಣೆಯನ್ನೂ ಉಳಿಸುವ ಸಾಧನ, ರೆಪೊ ಅಂದರೆ ಅದರ ಸಂಗ್ರಹ), ಯಾಕೆಂದರೆ ಪಾಠ ಬದಲಾಗುತ್ತಲೇ ಇರುತ್ತದೆ. ಒಬ್ಬರು ಒಂದು ಅಕ್ಷರ ಒಂದು ಥರ ಓದುತ್ತಾರೆ, ಮುಂದಿನ ವರ್ಷ ಇನ್ನೊಬ್ಬರು ಹೊಸ ಫೋಟೊ ನೋಡಿ ಬೇರೆ ಥರ ಓದುತ್ತಾರೆ, ಪಾಠದ ಯಾವ ಸಾಲನ್ನು ಯಾರು ಯಾವಾಗ ಬದಲಾಯಿಸಿದರು ಅನ್ನೋದು ಉಳಿಯಲೇಬೇಕು.

ಪಾಠವನ್ನೂ ಡೇಟಾಬೇಸಿಗೇ ಹಾಕಿದರೆ ಆಗಲ್ವಾ ಅಂತ ಒಬ್ಬರು ಕೇಳಿದರು. ಆಗುತ್ತದೆ. ಫೈಲುಗಳು ಚಿಕ್ಕವಿದ್ದು, ತಿದ್ದುವವರು ಒಬ್ಬರೇ ಇದ್ದರೆ ಒಂದು ಪಠ್ಯ ಕಾಲಂ ಸಾಕು, ಈ ಬರಹ ನಿಮಗೆ ಬೇಕೇ ಆಗಿಲ್ಲ. ಆದರೆ ನಾಲ್ಕು ಜನ ನಾಲ್ಕು ಊರಲ್ಲಿ ಕೂತು, ನೆಟ್ ಇಲ್ಲದ ಹಳ್ಳಿಯಲ್ಲೂ ತಿದ್ದಿ, ಆಮೇಲೆ ಎಲ್ಲವನ್ನೂ ಕೂಡಿಸಬೇಕು ಅಂದರೆ ಗಿಟ್‌ನಷ್ಟು ಒಳ್ಳೆಯ ಸಾಧನ ಇಲ್ಲ. ಹುಡುಕೋದಕ್ಕೆ, ವರ್ಷದ ಪ್ರಕಾರ ಜೋಡಿಸೋದಕ್ಕೆ, ಫಾರ್ಮ್ ತುಂಬಿಸೋದಕ್ಕೆ ಡೇಟಾಬೇಸೇ ಬೇಕು. ಎರಡೂ ಬೇಕು ಅಂದಮೇಲೆ ಎರಡರ ನಡುವೆ ಕೊಂಡಿ ಬೇಕು. ಆ ಕೊಂಡಿಯಲ್ಲಿ ಏನು ಬರೆಯಬೇಕು? ಇಡೀ ಮಾತು ಇದರ ಬಗ್ಗೆಯೇ.

ಎಲ್ಲರೂ ಮೊದಲು ಮಾಡೋದು ಸಾಲಿನಲ್ಲಿ ಒಂದು ಪಾತ್ ಕಾಲಂ ಇಡೋದು. ಫೋಲ್ಡರ್ ಹೆಸರು, ಫೈಲಿನ ಹೆಸರು, ಅಷ್ಟೇ. ಶುರುವಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಯಾರೋ ಫೋಲ್ಡರ್‌ಗಳನ್ನು ಹೊಸದಾಗಿ ಜೋಡಿಸುತ್ತಾರೆ. ನಮ್ಮ ಕಡೆ ಇದಕ್ಕೆ ಕಾರಣ ಹುಡುಕಬೇಕಾಗೇ ಇಲ್ಲ. 1997ರವರೆಗೆ ಗದಗ ಮತ್ತು ಹಾವೇರಿ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು, ಹಳೆಯ ಪುಸ್ತಕಗಳಲ್ಲಿ ಲಕ್ಕುಂಡಿ ಸಿಗೋದು ಧಾರವಾಡ ಜಿಲ್ಲೆಯ ಕೆಳಗೆ. ಆಮೇಲೆ ಗಜೇಂದ್ರಗಡ, ಲಕ್ಷ್ಮೇಶ್ವರ ಬೇರೆ ತಾಲೂಕಾದವು. ಹಳೆಯ ಪುಸ್ತಕ ನೋಡಿ ಫೋಲ್ಡರ್ ಮಾಡಿದವರು ಒಂದು ದಿನ ಅದನ್ನು ಇವತ್ತಿನ ನಕ್ಷೆಗೆ ಸರಿಯಾಗಿ ಬದಲಿಸಲೇಬೇಕು. ಬದಲಿಸಿದ ದಿನ ಸಾಲುಗಳಲ್ಲಿರುವ ಪಾತ್‌ಗಳೆಲ್ಲ ಸತ್ತವು.

ಗಿಟ್‌ಗೆ ಹೆಸರು ಬದಲಾದದ್ದು ಗೊತ್ತಿರುತ್ತದಲ್ಲ ಅಂತ ಇನ್ನೊಂದು ಪ್ರಶ್ನೆ ಬಂತು. ಇಲ್ಲ, ಗಿಟ್ ಅದನ್ನು ಬರೆದಿಡುವುದೇ ಇಲ್ಲ. ಇದು ಬಹಳ ಮಂದಿಗೆ ಗೊತ್ತಿರಲ್ಲ. ಹಳೆಯ ಹೆಸರಿನ ಫೈಲು ಹೋಯಿತು, ಹೊಸ ಹೆಸರಿನದು ಬಂತು, ಗಿಟ್ ಇಟ್ಟುಕೊಳ್ಳೋದು ಇಷ್ಟೇ. ನಾವು ಇತಿಹಾಸ ಕೇಳಿದಾಗ ಅದು ಎರಡೂ ಫೈಲುಗಳ ಒಳಗನ್ನು ಹೋಲಿಸಿ ನೋಡುತ್ತದೆ, ಶೇಕಡಾ 50ಕ್ಕಿಂತ ಹೆಚ್ಚು ಹೋಲಿಕೆ ಇದ್ದರೆ ಹೆಸರು ಬದಲಾಗಿದೆ ಅಂತ ಊಹೆ ಮಾಡುತ್ತದೆ. ಹೆಸರೂ ಬದಲಿಸಿ ಪಾಠವನ್ನೂ ಜಾಸ್ತಿ ತಿದ್ದಿ ಒಂದೇ ಕಮಿಟ್‌ನಲ್ಲಿ, ಅಂದರೆ ಒಟ್ಟಿಗೆ ದಾಖಲಿಸುವ ಒಂದೇ ಬದಲಾವಣೆಯಲ್ಲಿ, ಹಾಕಿದರೆ ಆ ಊಹೆಯೂ ಕೈಕೊಡುತ್ತದೆ. ಇದೇ ಕೆಲಸಕ್ಕೆ ಗಿಟ್‌ಗಿಂತ ಮುಂಚೆ ಬಂದ ಸಬ್‌ವರ್ಷನ್‌ನಲ್ಲಿ ಹಾಗಲ್ಲ, ಅದರದೇ ಮೂವ್ ಕಮಾಂಡ್ ಬಳಸಿದರೆ ಎಲ್ಲಿಂದ ಬಂತು ಅನ್ನೋದು ದಾಖಲಾಗುತ್ತದೆ. ಅದರ ಜೊತೆಗೆ ಇಡೀ ರೆಪೊಗೆ ಒಂದೇ ಏರುವ ಆವೃತ್ತಿ ಸಂಖ್ಯೆ ಇರುವುದರಿಂದ, ಪಾತ್ ಮತ್ತು ಆ ಸಂಖ್ಯೆ ಎರಡನ್ನು ಸಾಲಿನಲ್ಲಿ ಬರೆದರೆ ಕೊಂಡಿ ಗಟ್ಟಿ. ಇನ್ನೂ ಸಬ್‌ವರ್ಷನ್‌ನಲ್ಲೇ ಇರುವವರು ಈ ಕೆಲಸಕ್ಕಾಗಿ ಗಿಟ್‌ಗೆ ಓಡಿಬರಬೇಕಿಲ್ಲ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಪಾತ್ ಕಾಲಂನಲ್ಲಿ ಇನ್ನೊಂದು ಗುಂಡಿ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಂಗ್ಲಿಷ್‌ನ ಪಾಠಗಳಲ್ಲಿ ಇದು ಸಿಗಲ್ಲ. 'ರೋಣ' ಅನ್ನೋ ಹೆಸರನ್ನು ನೋಡಿ. ಯೂನಿಕೋಡ್‌ನಲ್ಲಿ ಇದನ್ನು ರ, ಓಕಾರದ ಚಿಹ್ನೆ, ಣ ಎಂದು 3 ಸಂಕೇತಗಳಲ್ಲಿ ಬರೆಯಬಹುದು. ಅದೇ ಓಕಾರವನ್ನು ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರು ತುಂಡು ಮಾಡಿದರೆ ಒಟ್ಟು 5 ಸಂಕೇತ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಈ ಸಂಕೇತಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ ಒಂದು 9 ಬೈಟ್, ಇನ್ನೊಂದು 15 ಬೈಟ್. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲಿನ ಹೆಸರನ್ನು ತಾನಾಗಿಯೇ ತುಂಡು ಮಾಡಿ ಇಡುತ್ತಿತ್ತು, ಲಿನಕ್ಸ್ ನೀವು ಕೊಟ್ಟದ್ದನ್ನು ಹಾಗೇ ಇಡುತ್ತದೆ. ಹೀಗಾಗಿ ಡೇಟಾಬೇಸಿನಲ್ಲಿ ಒಂದು ರೋಣ, ರೆಪೊದಲ್ಲಿ ಇನ್ನೊಂದು ರೋಣ. ಹುಡುಕಿದರೆ ಫೈಲು ಇಲ್ಲ ಅನ್ನುತ್ತದೆ, ಕಣ್ಣಿಗೆ ನೋಡಿದರೆ ಅಲ್ಲೇ ಇದೆ! ಹಾವೇರಿಯ ಏಕಾರಕ್ಕೂ ಇದೇ ಕಥೆ. ಗದಗ, ಲಕ್ಕುಂಡಿ, ಡಂಬಳ ಮಾತ್ರ ಬಚಾವ್, ಅವುಗಳಲ್ಲಿ ಒಡೆಯುವಂಥ ಚಿಹ್ನೆಗಳಿಲ್ಲ.

ಇನ್ನು ಗಿಟ್‌ನ ಪಟ್ಟಿಯನ್ನು ಓದಿ ಡೇಟಾಬೇಸಿಗೆ ತುಂಬುವ ಸ್ಕ್ರಿಪ್ಟ್ ಬರೆದಿದ್ದರೆ ಇದನ್ನೂ ನೋಡಿಕೊಳ್ಳಿ. ಗಿಟ್ ತನ್ನಷ್ಟಕ್ಕೆ ಕನ್ನಡ ಹೆಸರನ್ನು ಕನ್ನಡದಲ್ಲಿ ತೋರಿಸಲ್ಲ. 'ಕ' ಅಕ್ಷರವನ್ನು 340, 262, 225 ಎಂದು ಅಷ್ಟಕ ಸಂಖ್ಯೆಗಳಲ್ಲಿ, ನಡುವೆ ಓರೆಗೆರೆ ಹಾಕಿ, ಉದ್ಧರಣ ಚಿಹ್ನೆಯೊಳಗೆ ತೋರಿಸುತ್ತದೆ. ಸ್ಕ್ರಿಪ್ಟ್ ಅದನ್ನೇ ಹೆಸರು ಅಂದುಕೊಂಡು ಕಾಲಂಗೆ ತುಂಬಿಬಿಡುತ್ತದೆ. ಕೋರ್ ಕೋಟ್‌ಪಾತ್ ಸೆಟ್ಟಿಂಗನ್ನು ಆಫ್ ಮಾಡಿ, ಇಲ್ಲವೇ ಸ್ಕ್ರಿಪ್ಟ್‌ನಲ್ಲಿ ಝೆಡ್ ಆಯ್ಕೆ ಬಳಸಿ. ಹೆಸರುಗಳನ್ನು ಡೇಟಾಬೇಸಿಗೆ ಹಾಕುವ ಮುಂಚೆ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಚಿಹ್ನೆಗಳನ್ನು ತುಂಡು ಮಾಡದೆ ಕೂಡಿಸಿಡುವ ಯೂನಿಕೋಡ್ ರೂಪಕ್ಕೆ, ತನ್ನಿ, ರೆಪೊ ಒಳಗೂ ಆ ರೂಪದ ಹೆಸರುಗಳನ್ನೇ ಬಿಡಿ.

ಇಷ್ಟೆಲ್ಲ ಸರಿಮಾಡಿದರೂ ಪಾತ್‌ನ ನಿಜವಾದ ಕೊರತೆ ಹಾಗೇ ಉಳಿಯುತ್ತದೆ. ಪಾತ್ ಅನ್ನೋದು ಮನೆಯ ವಿಳಾಸ ಇದ್ದಂತೆ, ಆ ಮನೆಯಲ್ಲಿ ಇವತ್ತು ಯಾರು ಇದ್ದಾರೆ ಅಂತ ಅದು ಹೇಳಲ್ಲ. ಫೈಲು ಅಲ್ಲೇ ಇದೆ, ಹೆಸರೂ ಅದೇ, ಒಳಗಿನ ಪಾಠ ಮಾತ್ರ ಬೇರೆ. ನನ್ನ ಪ್ರಕಾರ ಇದು ಸತ್ತ ಕೊಂಡಿಗಿಂತ ಕೆಟ್ಟದ್ದು. ಸತ್ತ ಕೊಂಡಿ ಎರರ್ ಕೊಡುತ್ತದೆ, ಇದು ಸುಮ್ನೆ ತಪ್ಪು ಉತ್ತರ ಕೊಡುತ್ತದೆ.

ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಒಂದು ಶಾಸನದ ಪಾಠದಲ್ಲಿ ಮೊದಲು ಓದಿದವರು ಶಕ ವರ್ಷ 980 ಎಂದು ಬರೆದಿದ್ದಾರೆ. ಶಕಕ್ಕೆ 78 ಕೂಡಿಸಿ ಸಾಲಿನ ವರ್ಷದ ಕಾಲಂನಲ್ಲಿ 1058 ಎಂದು ತುಂಬಿದ್ದಾರೆ. ಮುಂದೆ ಇನ್ನೊಬ್ಬರು ಅದೇ ಶಾಸನ ನೋಡುತ್ತಾರೆ. ಸಂವತ್ಸರದ ಹೆಸರು ಕೀಲಕ ಎಂದು ಸ್ಪಷ್ಟವಾಗಿದೆ. ಶಕ 980 ವಿಳಂಬಿ ಸಂವತ್ಸರ, ಕೀಲಕ ಬರೋದು 990ಕ್ಕೆ. ಕಲ್ಲಿನ ಫೋಟೊ ದೊಡ್ಡದು ಮಾಡಿ ನೋಡಿದರೆ ಅದು 8 ಅಲ್ಲ, 9. ಪಾಠದ ಫೈಲಿನಲ್ಲಿ ತಿದ್ದಿ ಕಮಿಟ್ ಮಾಡಿದರು. ಡೇಟಾಬೇಸಿನ ಸಾಲು ಮಾತ್ರ 1058 ಅಂತಲೇ ಹೇಳುತ್ತಾ ಕೂತಿದೆ, ಅದರ ಪಕ್ಕದ ಪಾತ್ ತೋರಿಸುವ ಫೈಲು ಶಕ 990, ಅಂದರೆ 1068 ಅನ್ನುತ್ತಿದೆ. ಯಾವುದು ಹಳೆಯದು, ಯಾರು ತಪ್ಪು, ನೋಡುವವನಿಗೆ ಹೇಗೆ ಗೊತ್ತಾಗಬೇಕು? ನೂರಾರು ಸಾಲಿನಲ್ಲಿ ಇಂಥವು ಎಷ್ಟಿವೆ ಅಂತ ಕೇಳೋಕೂ ದಾರಿ ಇಲ್ಲ.

ಅದಕ್ಕೇ ಸಾಲಿನಲ್ಲಿ ಹಿಡಿದಿಡಬೇಕಾದದ್ದು ಫೈಲಿನ ಜಾಗವನ್ನಲ್ಲ, ಅದರ ಒಳಗಿರುವುದನ್ನು. ಗಿಟ್ ಇದನ್ನು ಹುಟ್ಟಿನಿಂದಲೇ ಕೊಡುತ್ತದೆ. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಶುರುಮಾಡಿದಾಗಲೇ ಅದರ ಬುಡ ಹೀಗೇ ಇತ್ತು. ಪ್ರತಿ ಫೈಲಿನ ಒಳಗೂ ಒಂದು ಬ್ಲಾಬ್ ಆಗುತ್ತದೆ, ಆ ಬ್ಲಾಬ್‌ಗೆ ಅದರ ಬೈಟ್‌ಗಳಿಂದಲೇ ಲೆಕ್ಕ ಹಾಕಿದ ಹ್ಯಾಶ್, ಅಂದರೆ ಬೆರಳಚ್ಚಿನಂಥ ಒಂದು ಗುರುತು, ಹೆಸರಾಗುತ್ತದೆ. ಬ್ಲಾಬ್ ಎಂಬ ಪದ, ಒಂದು ಖಾಲಿ ಜಾಗ, ಎಷ್ಟು ಬೈಟ್ ಅನ್ನೋ ಸಂಖ್ಯೆ, ಒಂದು ಸೊನ್ನೆ ಬೈಟ್, ಆಮೇಲೆ ಫೈಲಿನ ಒಳಗಿರುವುದು. ಇಷ್ಟನ್ನೂ ಸೇರಿಸಿ ಎಸ್‌ಎಚ್‌ಎ-1 ಲೆಕ್ಕ ಹಾಕಿದರೆ 40 ಅಕ್ಷರದ ಹ್ಯಾಶ್ ಬರುತ್ತದೆ. ಫೈಲಿನ ಹೆಸರು ಇದರಲ್ಲಿ ಇಲ್ಲ, ತಾರೀಖು ಇಲ್ಲ, ಬರೆದವರು ಯಾರು ಅನ್ನೋದೂ ಇಲ್ಲ. ಖಾಲಿ ಫೈಲಿನ ಹ್ಯಾಶ್ ಹುಬ್ಬಳ್ಳಿಯಲ್ಲಿ ಲೆಕ್ಕ ಹಾಕಿದರೂ ಜಪಾನಿನಲ್ಲಿ ಹಾಕಿದರೂ ಒಂದೇ. ಫೋಲ್ಡರ್ ಬದಲಿಸಿ, ಹೆಸರು ಬದಲಿಸಿ, ಬ್ಲಾಬ್ ಹ್ಯಾಶ್ ಅಲುಗಾಡಲ್ಲ. ಒಂದು ಅಂಕಿ ತಿದ್ದಿ, ಪೂರ್ತಿ ಬೇರೆ ಹ್ಯಾಶ್.

ಈಗ ಆ ಶಾಸನದ ಸಾಲಿಗೆ ಬನ್ನಿ. ವರ್ಷ 1058 ಎಂದು ತುಂಬಿದಾಗ ಆಗಿನ ಬ್ಲಾಬ್ ಹ್ಯಾಶ್ ಕೂಡ ಸಾಲಿನಲ್ಲಿ ಬರೆದಿದ್ದೀರಿ. ಪಾಠ ತಿದ್ದಿದ ಮೇಲೆ ಮುಖ್ಯ ಶಾಖೆಯಲ್ಲಿರುವ (ಎಲ್ಲರ ಕೆಲಸ ಬಂದು ಕೂಡುವ ಕಮಿಟ್‌ಗಳ ಸರಣಿಯಲ್ಲಿರುವ) ಬ್ಲಾಬ್ ಬೇರೆ. ಎರಡನ್ನೂ ಹೋಲಿಸಲು ಡೇಟಾಬೇಸಿಗೆ ಕೇಳುವ ಒಂದು ಸಣ್ಣ ಕ್ವೆರಿ ಸಾಕು, ಪಾಠ ಮುಂದೆ ಹೋಗಿದ್ದು ಸಾಲು ಹಿಂದೆ ಉಳಿದಿರುವ ಶಾಸನಗಳೆಲ್ಲ ಪಟ್ಟಿಯಾಗಿ ಎದುರು ಬರುತ್ತವೆ. ನೋಡಿ, ಸರಿಯಿದ್ದರೆ ಹೊಸ ಹ್ಯಾಶ್ ಬರೆಯಿರಿ, ತಪ್ಪಿದ್ದರೆ ವರ್ಷವನ್ನೂ ತಿದ್ದಿ ಹೊಸ ಹ್ಯಾಶ್ ಬರೆಯಿರಿ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ ಕ್ವೆರಿ. ಕೊಂಡಿ ಅಂದರೆ ಬರೀ ಫೈಲು ತೆರೆಯೋ ಬಟನ್ ಅಲ್ಲ, ಈ ಮಾಹಿತಿ ಯಾವ ಪಾಠದಿಂದ ಹುಟ್ಟಿತು ಅನ್ನೋ ಸಾಕ್ಷಿ.

ಹಾಗಾದರೆ ಬ್ಲಾಬ್ ಒಂದೇ ಸಾಕಾ? ಸಾಲದು. ಬ್ಲಾಬ್ ಕೊಟ್ಟರೆ ಒಳಗಿರುವುದು ಸಿಗುತ್ತದೆ, ಆದರೆ ಆಗ ಅದರ ಹೆಸರೇನಿತ್ತು, ಯಾರು ಯಾವ ಕಾರಣಕ್ಕೆ ಹಾಕಿದರು ಅನ್ನೋದು ಸಿಗಲ್ಲ. ಅದಕ್ಕೆ ಕಮಿಟ್ ಬೇಕು, ಪಾತ್ ಬೇಕು. ಇನ್ನು ಕಮಿಟ್ ಮತ್ತು ಪಾತ್ ಮಾತ್ರ ಇಟ್ಟರೆ? ಇದು ತುಂಬಾ ಕಡೆ ಕಾಣುವ ಪದ್ಧತಿ, ಆದರೆ ಕಮಿಟ್ ಹ್ಯಾಶ್ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಯಾರೋ ರೀಬೇಸ್ ಮಾಡಿದರು (ಕಮಿಟ್‌ಗಳನ್ನು ಬೇರೆ ಬುಡಕ್ಕೆ ಜೋಡಿಸಿದರು), ಅಮೆಂಡ್ ಮಾಡಿದರು (ಕೊನೆಯ ಕಮಿಟ್ ತಿದ್ದಿದರು), ನಾಲ್ಕು ಕಮಿಟ್ ಸೇರಿಸಿ ಒಂದಾಗಿ ಒತ್ತಿದರು ಅಂದರೆ ಹೊಸ ಕಮಿಟ್‌ಗಳು ಹುಟ್ಟುತ್ತವೆ. ಯಾವ ಶಾಖೆಯೂ ಟ್ಯಾಗೂ (ಒಂದು ಕಮಿಟ್‌ಗೆ ಕೊಟ್ಟ ಹೆಸರು) ಮುಟ್ಟದ ಹಳೆಯವನ್ನು ಗಿಟ್‌ನ ಕಸ ಗುಡಿಸುವ ಕೆಲಸ ಅಳಿಸಿಬಿಡುತ್ತದೆ. ಗಿಟ್‌ನ ಸ್ಥಳೀಯ ದಿನಚರಿಯಾದ ರೆಫ್‌ಲಾಗ್‌ನಲ್ಲೂ ಅವುಗಳ ಗುರುತು ಇಲ್ಲದಿದ್ದರೆ, ಡಿಫಾಲ್ಟ್ ಆಗಿ 2 ವಾರಕ್ಕಿಂತ ಹಳೆಯದಾದರೆ ಸಾಕು. ಹೀಗಾಗಿ ನನ್ನ ಸಲಹೆ, ಮೂರೂ ಇಡಿ. ಬ್ಲಾಬ್ ಮುಖ್ಯ, ಕಮಿಟ್ ಮತ್ತು ಪಾತ್ ಅದಕ್ಕೆ ಜೊತೆ. ರೆಪೊ ಒಂದಕ್ಕಿಂತ ಜಾಸ್ತಿ ಇದ್ದರೆ ಅದರ ಗುರುತೂ ಸೇರಿಸಿ.

ಕೊಂಡಿ ಸಾಯದಂತೆ ನೋಡಿಕೊಳ್ಳೋದಕ್ಕೆ ಒಂದು ಕಟ್ಟುನಿಟ್ಟು ಬೇಕು. ಮುಖ್ಯ ಶಾಖೆಗೆ ಸೇರಿದ ಕಮಿಟ್‌ಗೆ ಮಾತ್ರ ಸಾಲಿನಿಂದ ಕೊಂಡಿ. ಯಾರದೋ ಲ್ಯಾಪ್‌ಟಾಪಿನ ಅರೆಬೆಂದ ಶಾಖೆಗೆ ಬೇಡವೇ ಬೇಡ. ಮುಖ್ಯ ಶಾಖೆಯ ಇತಿಹಾಸವನ್ನು ಒತ್ತಾಯದ ಪುಶ್‌ನಿಂದ (ತನ್ನ ಪ್ರತಿಯನ್ನು ಸರ್ವರ್‌ಗೆ ಬಲವಂತವಾಗಿ ಕಳಿಸಿ) ತಿದ್ದಲು ಯಾರಿಗೂ ಬಿಡಬೇಡಿ, ಸರ್ವರ್‌ನಲ್ಲೇ ತಡೆಯುವ ಸೆಟ್ಟಿಂಗ್ ಇದೆ, ಹಾಕಿ. ಪ್ರತಿ ಸಾಲಿಗೂ ಒಂದು ಟ್ಯಾಗ್ ಮಾಡಿದರೆ ಹೇಗೆ ಅಂತ ಒಬ್ಬರು ಕೇಳಿದರು. ಬೇಡ. ಸಾವಿರಾರು ಟ್ಯಾಗ್ ಇದ್ದರೆ ರೆಪೊ ಎಳೆದುಕೊಳ್ಳುವ ಕೆಲಸವೇ ಭಾರ ಆಗುತ್ತದೆ. ಪಟ್ಟಿಯನ್ನು ಹೊರಗೆ ಪ್ರಕಟಿಸಿದಾಗ ಒಂದು ಟ್ಯಾಗ್ ಹಾಕಿ, ಸಾಕು.

ಡೇಟಾಬೇಸ್ ಕಲಿತವರಿಗೆ ಇಲ್ಲಿ ಒಂದು ಬೇಸರ ಇರುತ್ತದೆ. ಒಂದು ಟೇಬಲ್‌ನ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ಫಾರಿನ್ ಕೀ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ? ಇಲ್ಲದ ಸಾಲಿಗೆ ಕೊಂಡಿ ಹಾಕೋಕೆ ಹೋದರೆ ಡೇಟಾಬೇಸೇ ತಡೆಯುತ್ತಿತ್ತು. ಹೊರಗಿನ ಫೈಲುಗಳನ್ನೂ ಹಾಗೆ ಕಾಯಬೇಕು ಅನ್ನೋ ಪ್ರಯತ್ನ ಆಗಿತ್ತು. 2001ರ ಎಸ್‌ಕ್ಯೂಎಲ್ ಮಾನಕದಲ್ಲಿ ಡೇಟಾಲಿಂಕ್ ಎಂಬ ಬಗೆಯೇ ಬಂತು, ಐಬಿಎಂನ ಡಿಬಿ2ವಿನಲ್ಲಿ ಅದು ಇತ್ತು ಕೂಡ, 9ನೇ ಆವೃತ್ತಿಯ ಹೊತ್ತಿಗೆ ಕೈಬಿಟ್ಟರು. ಗಿಟ್ ಒಳಗೆ ಕೈಹಾಕುವ ಫಾರಿನ್ ಕೀ ಇವತ್ತಿಗೂ ಇಲ್ಲ. ಆದರೆ ಅದರ ಹತ್ತಿರಕ್ಕೆ ಹೋಗಬಹುದು. ಡೇಟಾಬೇಸಿನಲ್ಲೇ ಫೈಲಿನ ಆವೃತ್ತಿಗಳ ಒಂದು ಟೇಬಲ್ ಮಾಡಿ, ಅದರಲ್ಲಿ ರೆಪೊ, ಕಮಿಟ್, ಪಾತ್, ಬ್ಲಾಬ್. ಯಾರಾದರೂ ಮುಖ್ಯ ಶಾಖೆಗೆ ಪುಶ್ ಮಾಡಿದಾಗ ಸರ್ವರ್‌ನ ಪೋಸ್ಟ್-ರಿಸೀವ್ ಹುಕ್ (ಪುಶ್ ಬಂದೊಡನೆ ತಾನಾಗಿ ಓಡುವ ಸ್ಕ್ರಿಪ್ಟ್) ಹೊಸ ಆವೃತ್ತಿಗಳನ್ನು ಅಲ್ಲಿ ಸೇರಿಸಲಿ. ಶಾಸನದ ಸಾಲಿನ ಫಾರಿನ್ ಕೀ ಈ ಟೇಬಲ್‌ಗೆ. ಈಗ ಗಿಟ್‌ನಲ್ಲಿ ಇಲ್ಲದ್ದಕ್ಕೆ ಯಾರೂ ಕೊಂಡಿ ಹಾಕಲಾರರು, ತಪ್ಪು ಅಕ್ಷರ ಟೈಪ್ ಮಾಡಿದರೂ ಡೇಟಾಬೇಸ್ ಒಪ್ಪಲ್ಲ.

ಹುಕ್ ನಡುವೆಯೇ ಬಿದ್ದುಹೋದರೆ? ಕರೆಂಟು ಹೋಗುತ್ತದೆ, ಡೇಟಾಬೇಸ್ ಉತ್ತರ ಕೊಡಲ್ಲ, ಇವೆಲ್ಲ ಆಗುವಂಥವೇ. ಗಿಟ್ ಮತ್ತು ಡೇಟಾಬೇಸ್ ಎರಡಕ್ಕೂ ಸೇರಿ ಒಂದೇ ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನೋ ಕಟ್ಟು) ಇಲ್ಲ, ಅದಕ್ಕೇ ಯಾವುದು ಮೊದಲು ಅನ್ನೋದು ಮುಖ್ಯ. ಯಾವಾಗಲೂ ಗಿಟ್ ಮೊದಲು, ಡೇಟಾಬೇಸ್ ಆಮೇಲೆ. ನಡುವೆ ನಿಂತರೆ ಯಾರೂ ಕೊಂಡಿ ಹಾಕದ ಒಂದು ಫೈಲು ಗಿಟ್‌ನಲ್ಲಿ ಉಳಿಯುತ್ತದೆ, ಅದರಿಂದ ಯಾರಿಗೂ ತೊಂದರೆ ಇಲ್ಲ. ತಿರುಗಾಮುರುಗಾ ಮಾಡಿದರೆ ಇಲ್ಲದ ಫೈಲಿಗೆ ಕೈತೋರಿಸುವ ಸಾಲು ಉಳಿಯುತ್ತದೆ. ಆಮೇಲೆ ರಾತ್ರಿ ಓಡುವ ಒಂದು ಸ್ಕ್ರಿಪ್ಟ್ ಇರಲಿ. ಟೇಬಲ್‌ನಲ್ಲಿ ಕೊನೆಗೆ ದಾಖಲಾದ ಕಮಿಟ್‌ನಿಂದ ಇವತ್ತಿನ ತುದಿಯವರೆಗೆ ಏನು ಬಿಟ್ಟುಹೋಗಿದೆ ನೋಡಿ ತುಂಬಲಿ. ಒಂದೇ ಆವೃತ್ತಿ ಎರಡು ಸಲ ಬಂದರೆ ಎರಡನೆಯದನ್ನು ಬಿಟ್ಟುಬಿಡುವಂತೆ ಯುನೀಕ್ ನಿಯಮ ಹಾಕಿದ್ದರೆ ಎಷ್ಟು ಸಲ ಓಡಿಸಿದರೂ ಅಪಾಯ ಇಲ್ಲ. ಅದೇ ಸ್ಕ್ರಿಪ್ಟ್ ಸಾಲುಗಳಲ್ಲಿರುವ ಬ್ಲಾಬ್‌ಗಳನ್ನೆಲ್ಲ ಕ್ಯಾಟ್-ಫೈಲ್ ಕಮಾಂಡಿನ ಬ್ಯಾಚ್ ಚೆಕ್ ಆಯ್ಕೆಗೆ ಕೊಟ್ಟು, ಇದೆಯೋ ಇಲ್ಲವೋ ಕೇಳಲಿ.

ಹ್ಯಾಶನ್ನು ಗಿಟ್‌ನಿಂದಲೇ ಕೇಳಿ ಪಡೆಯಿರಿ, ಡಿಸ್ಕ್ ಮೇಲಿನ ಫೈಲು ಓದಿ ನೀವೇ ಲೆಕ್ಕ ಹಾಕಬೇಡಿ. ವಿಂಡೋಸ್‌ನಲ್ಲಿ ಪಠ್ಯದ ಪ್ರತಿ ಸಾಲಿನ ಕೊನೆಗೆ ಎರಡು ಬೈಟ್, ಲಿನಕ್ಸ್‌ನಲ್ಲಿ ಒಂದು. ಗಿಟ್ ಒಳಗೆ ಇಡುವಾಗ ಅದನ್ನು ಬದಲಿಸಿರಬಹುದು, ಹಾಗಾದರೆ ನಿಮ್ಮ ಲೆಕ್ಕಕ್ಕೂ ಗಿಟ್‌ನ ಲೆಕ್ಕಕ್ಕೂ ತಾಳೆಯಾಗಲ್ಲ.

ಇನ್ನೊಂದು ದಿಕ್ಕಿನ ಕೊಂಡಿಯೂ ಬೇಕು, ಆದರೆ ಹಗುರವಾಗಿ. ಪ್ರತಿ ಪಾಠದ ಫೈಲಿನ ಮೊದಲ ಸಾಲಿನಲ್ಲಿ ಆ ಶಾಸನದ ಶಾಶ್ವತ ಗುರುತು ಇರಲಿ. ಅದರಲ್ಲಿ ಜಿಲ್ಲೆ, ತಾಲೂಕಿನ ಹೆಸರು ಸೇರಿಸಬೇಡಿ, ಕಾರಣ ಆಗಲೇ ಹೇಳಿದೆ. ನಾಳೆ ಡೇಟಾಬೇಸ್ ಪೂರ್ತಿ ಕಳೆದುಹೋದರೂ ಫೈಲುಗಳನ್ನು ಓದಿ ಯಾವುದು ಯಾವ ಶಾಸನದ್ದು ಅಂತ ಕೊಂಡಿಗಳನ್ನು ಮತ್ತೆ ಕಟ್ಟಬಹುದು. ವರ್ಷ, ಅರಸ, ಊರು ಇವನ್ನೆಲ್ಲ ಫೈಲಿನ ತಲೆಯಲ್ಲೂ ಬರೆಯುವ ಆಸೆ ಬರುತ್ತದೆ, ತಡೆಯಿರಿ. ಒಂದೇ ವಿಷಯ ಎರಡು ಕಡೆ ಇದ್ದರೆ ಎರಡೂ ಬೇರೆಯಾಗೋದು ಖಂಡಿತ.

ಫೋಟೊಗಳ ಮಾತು ಬೇರೆ. ಕಲ್ಲಿನ ಒಳ್ಳೆಯ ಫೋಟೊ ಭಾರೀ ದೊಡ್ಡದು, ಗಿಟ್ ರೆಪೊಗಳನ್ನು ಇಡುವ ತಾಣವಾದ ಗಿಟ್‌ಹಬ್ 100 ಎಂಬಿ ದಾಟಿದ ಫೈಲನ್ನು ತೆಗೆದುಕೊಳ್ಳುವುದೇ ಇಲ್ಲ. ದೊಡ್ಡ ಫೈಲುಗಳನ್ನು ಬೇರೆಡೆ ಇಡುವ ಗಿಟ್ ಎಲ್‌ಎಫ್‌ಎಸ್ ಬಳಸಿದರೆ ರೆಪೊದಲ್ಲಿ ಉಳಿಯೋದು ಒಂದು ಪುಟ್ಟ ಗುರುತಿನ ಫೈಲು, ಅದರಲ್ಲಿ ನಿಜವಾದ ಫೋಟೊದ ಎಸ್‌ಎಚ್‌ಎ-256 ಹ್ಯಾಶ್ ಮತ್ತು ಗಾತ್ರ ಇರುತ್ತವೆ. ಅಂಥ ಫೈಲುಗಳಿಗೆ ಬ್ಲಾಬ್ ಹ್ಯಾಶ್ ಹಿಡಿದರೆ ನೀವು ಹಿಡಿದದ್ದು ಗುರುತಿನ ಫೈಲನ್ನು. ಸಾಲಿನಲ್ಲಿ ಒಳಗಿನ 256ರ ಹ್ಯಾಶನ್ನೂ ಬರೆದುಕೊಳ್ಳಿ.

ಎಸ್‌ಎಚ್‌ಎ-1 ಮುರಿದಿದೆಯಲ್ಲ, ಅದನ್ನು ನಂಬಬಹುದಾ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಸರಿಯಾದ ಪ್ರಶ್ನೆ. 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯವರು ಒಂದೇ ಎಸ್‌ಎಚ್‌ಎ-1 ಬರುವ ಎರಡು ಬೇರೆ ಪಿಡಿಎಫ್ ಮಾಡಿ ತೋರಿಸಿದರು. ಆ ಎರಡನ್ನು ವೆಬ್‌ಕಿಟ್ ಎಂಬ ಬ್ರೌಸರ್ ಎಂಜಿನ್‌ನ ಸಬ್‌ವರ್ಷನ್ ರೆಪೊಗೆ ಹಾಕಿದಾಗ ರೆಪೊ ಕೆಟ್ಟು ನಿಂತಿತು. ಗಿಟ್ ಅದೇ ವರ್ಷ ಇಂಥ ಘರ್ಷಣೆಯನ್ನು ಗುರುತಿಸುವ ಲೆಕ್ಕಕ್ಕೆ ಬದಲಾಯಿತು, 2020ರ ಅಕ್ಟೋಬರ್‌ನ 2.29ರಲ್ಲಿ ಎಸ್‌ಎಚ್‌ಎ-256 ರೆಪೊ ಮಾಡುವ ಪ್ರಾಯೋಗಿಕ ಸೌಲಭ್ಯ ಬಂತು. ಶಾಸನದ ಪಟ್ಟಿಗೆ ಈ ಭಯ ದೂರದ್ದು. ಆದರೆ ಕಾಲಂ ಅಗಲವನ್ನು 40ಕ್ಕೆ ಕಟ್ಟಿಹಾಕಬೇಡಿ, ಎಸ್‌ಎಚ್‌ಎ-256ರ 64 ಅಕ್ಷರ ಹಿಡಿಸುವಷ್ಟು ಬಿಡಿ, ಯಾವ ಹ್ಯಾಶ್ ಅನ್ನೋದನ್ನೂ ಬರೆಯಿರಿ.

ಕಲ್ಲು ಯಾರದೋ ಹೊಲದಲ್ಲಿರುತ್ತದೆ. ಹೊಲದವರ ಹೆಸರು, ಫೋನ್ ನಂಬರ್ ಫೈಲಿಗೆ ಬರೆಯಬೇಡಿ, ಡೇಟಾಬೇಸಿನಲ್ಲೇ ಇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಜನರಿಗೆ ತಮ್ಮ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ಕೊಡುತ್ತದೆ. ಕಾಯ್ದೆ ಇರದಿದ್ದರೂ ಅದು ಅವರ ಹಕ್ಕೇ. ಡೇಟಾಬೇಸಿನಲ್ಲಿ ಒಂದು ಸಾಲು ಅಳಿಸುವುದು ಸುಲಭ. ಗಿಟ್‌ನಲ್ಲಿ ಇತಿಹಾಸದಿಂದ ತೆಗೆಯಬೇಕು ಅಂದರೆ ಅಲ್ಲಿಂದ ಮುಂದಿನ ಕಮಿಟ್ ಹ್ಯಾಶ್‌ಗಳೆಲ್ಲ ಬದಲಾಗುತ್ತವೆ, ಕಷ್ಟಪಟ್ಟು ಕಟ್ಟಿದ ಕೊಂಡಿಗಳನ್ನೆಲ್ಲ ಮತ್ತೆ ಕಟ್ಟಬೇಕು.

ಕೊನೆಯ ಪ್ರಶ್ನೆ ಗದಗದಿಂದ ಬಂದವರದು. ಈಗಾಗಲೇ ಸಾವಿರಾರು ಸಾಲುಗಳಿವೆ, ಎಲ್ಲದರಲ್ಲೂ ಬರೀ ಪಾತ್ ಇದೆ, ಏನು ಮಾಡೋಣ? ದಾರಿ ಇದೆ. ಸಾಲನ್ನು ಕೊನೆಗೆ ತಿದ್ದಿದ ತಾರೀಖು ನಿಮ್ಮ ಟೇಬಲ್‌ನಲ್ಲಿ ಇದ್ದರೆ, ಆ ತಾರೀಖಿಗೆ ಮುಂಚಿನ ಕೊನೆಯ ಕಮಿಟ್ ಯಾವುದು ಅಂತ ಗಿಟ್‌ಗೆ ಕೇಳಿ. ಆ ಕಮಿಟ್‌ನಲ್ಲಿ ಆ ಪಾತ್‌ನಲ್ಲಿದ್ದ ಬ್ಲಾಬ್ ತೆಗೆದು ಸಾಲಿಗೆ ಬರೆಯಿರಿ. ಆದರೆ ಇದು ಊಹೆ. ಕಮಿಟ್‌ನ ತಾರೀಖು ಬರೆದವರ ಕಂಪ್ಯೂಟರಿನ ಗಡಿಯಾರದ್ದು, ಸಾಲು ತುಂಬಿದವರು ಆ ದಿನ ಹಳೆಯ ಪ್ರತಿಯನ್ನು ಎದುರಿಗಿಟ್ಟುಕೊಂಡಿರಬಹುದು. ಹಾಗಾಗಿ ಕೊಂಡಿಯ ಪಕ್ಕ ಒಂದು ಕಾಲಂ ಇಟ್ಟು, ಹೀಗೆ ಬಂದವುಗಳಿಗೆಲ್ಲ 'ಊಹೆ' ಎಂದು ಬರೆಯಿರಿ. ಶಾಸನ ಓದುವವರು ಪಾಠವನ್ನೂ ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ ಒಪ್ಪಿದ ಮೇಲೆ, ಅವರ ಹೆಸರಿನಲ್ಲೇ ಆ ಗುರುತು ತೆಗೆಯಲಿ. ಸಂವತ್ಸರದ ಹೆಸರು ಸಿಕ್ಕಿರುವ ಶಾಸನಗಳಿಂದ ಶುರುಮಾಡಿ. ಅವುಗಳ ವರ್ಷವನ್ನು ತಾಳೆ ನೋಡೋದು ಬೇಗ ಆಗುತ್ತದೆ.